ತನ್ನ ದನಿ ತಾನೇ ಕೇಳುವ ಪೆಟ್ಟಿಗೆ

ಜಾತ್ರೆಯ ನಾಟಕಕ್ಕೆ ಕೂತವರಿಗೆಲ್ಲ ಪರಿಚಿತವಾದ ಸದ್ದೊಂದಿದೆ. ಹಾರ್ಮೋನಿಯಂ ಶ್ರುತಿ ಹಿಡಿದಿರುತ್ತದೆ, ಪಾತ್ರಧಾರಿ ಮೈಕಿನ ಹತ್ತಿರ ಬರುತ್ತಾನೆ, ಇನ್ನೇನು ಮಾತು ಶುರುವಾಗಬೇಕು ಅನ್ನುವಷ್ಟರಲ್ಲಿ ಸೆಟ್ಟು ಕಿವಿ ಸೀಳುವ ಹಾಗೆ ಸೀಟಿ ಹೊಡೆಯುತ್ತದೆ. ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಮೈಕ್ ಸೆಟ್ಟಿನವನು ಓಡಿ ಬಂದು ವಾಲ್ಯೂಮ್ ಇಳಿಸುತ್ತಾನೆ. ಹಾರ್ನಿನಿಂದ ಹೊರಟ ಸದ್ದು ತಿರುಗಿ ಮೈಕಿನೊಳಗೆ ಹೊಕ್ಕು, ಮತ್ತೆ ದೊಡ್ಡದಾಗಿ ಹೊರಬಿದ್ದು, ಮತ್ತೆ ಒಳಗೆ ಹೋಗುವುದರಿಂದ ಹುಟ್ಟುವ ಕೂಗು ಇದು. ಇಂಗ್ಲಿಷಿನಲ್ಲಿ ಇದು ಪಾಸಿಟಿವ್ ಫೀಡ್‌ಬ್ಯಾಕ್. ಹೆಸರಿನಲ್ಲಿ 'ಪಾಸಿಟಿವ್' ಇದ್ದರೂ ಇದರಿಂದ ಒಳ್ಳೆಯದಾಗುವುದೇನೂ ಇಲ್ಲ. ಆಡಿದ ಮಾತಿಗೆ ಹೌದು ಹೌದು ಅನ್ನುವವರೇ ಸುತ್ತ ಕೂತರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಇದರ ವಿರುದ್ಧದ ಇನ್ನೊಂದು ಫೀಡ್‌ಬ್ಯಾಕ್ ಇದೆ. ಅದು ಕೇಳಿಸುವುದಿಲ್ಲ. ಸೆಟ್ಟಿನ ಪೆಟ್ಟಿಗೆಯೊಳಗೆ, ಹೊರಹೋಗುವ ಸದ್ದಿನ ಒಂದು ಸಣ್ಣ ಪಾಲನ್ನು ಕದ್ದು, ತಲೆಕೆಳಗು ಮಾಡಿ, ಹಿಂದಿನ ಹಂತಕ್ಕೆ ಕೊಡುವ ಒಂದೇ ಒಂದು ವೈರು. ಅದೇ ನೆಗೆಟಿವ್ ಫೀಡ್‌ಬ್ಯಾಕ್. ನಮ್ಮ ಪಠ್ಯಪುಸ್ತಕಗಳು ಫೀಡ್‌ಬ್ಯಾಕಿಗೆ 'ಹಿಮ್ಮಾಹಿತಿ' ಎನ್ನುತ್ತವೆ. ಸಿಂಧನೂರಿನಲ್ಲಿ ವಾಲ್ವ್ ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಅದನ್ನು 'ವಾಪಸ್ ವೈರ್' ಅಂದರು. ಈ ಬರಹದಲ್ಲಿ ನಾನು ಅವರ ಪದವನ್ನೇ ಇಟ್ಟುಕೊಳ್ಳುತ್ತೇನೆ.

ನನ್ನ ಸಂಶೋಧನೆಯ ವಿಷಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ನಾಟಕ ಮತ್ತು ಜಾತ್ರೆಗಳಲ್ಲಿ ಧ್ವನಿವರ್ಧಕದ ಚರಿತ್ರೆ. ಅಂಬಾಮಠದ ಜಾತ್ರೆ, ಗುರುಗುಂಟಾ ಅಮರೇಶ್ವರನ ಜಾತ್ರೆ, ಸುಗ್ಗಿಯ ನಂತರದ ಹಳ್ಳಿ ನಾಟಕಗಳು, ಮದುವೆಗಳು, ಚುನಾವಣೆಗಳು ಹೀಗೆ ಮೈಕ್ ಸೆಟ್ಟು ಇಲ್ಲದೆ ಇಲ್ಲಿ ಏನೂ ನಡೆದಿಲ್ಲ. ಆದರೆ ನಾನು ಓದಿದ ನಟರ ಆತ್ಮಕಥೆಗಳಲ್ಲಿ ಪರದೆಗೆ, ಬಣ್ಣಕ್ಕೆ, ಹಾರ್ಮೋನಿಯಂ ಮಾಸ್ತರರಿಗೆ ಪುಟಗಳು ಮೀಸಲಾಗಿವೆ. ಆ ಪೆಟ್ಟಿಗೆಗೆ ಒಂದು ಸಾಲೂ ಅಪರೂಪ. ಒಮ್ಮೆ ನನ್ನ ಪ್ರಬಂಧ ಮಂಡನೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಇದೆಲ್ಲ ಸರಿ, ದಾಖಲೆ ಎಲ್ಲಿದೆ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ವಾಪಸ್ ವೈರಿನ ಹಿಂದೆ ಬಿದ್ದೆ.

ಅದರ ಕಥೆ ಶುರುವಾಗುವುದು ನಾಟಕದಲ್ಲಲ್ಲ, ಟೆಲಿಫೋನಿನಲ್ಲಿ. 1920ರ ದಶಕದಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಮಾತು ಮುಟ್ಟಿಸಬೇಕಾದರೆ ದಾರಿಯುದ್ದಕ್ಕೂ ಆಂಪ್ಲಿಫೈಯರುಗಳನ್ನು ನೆಡಬೇಕಿತ್ತು. ತಂತಿಯಲ್ಲಿ ಸೊರಗಿದ ದನಿಯನ್ನು ಪ್ರತಿಯೊಂದೂ ಎತ್ತಿ ಮುಂದಕ್ಕೆ ಕೊಡುತ್ತಿತ್ತು. ಕೊಡುವಾಗ ತನ್ನದೊಂದಿಷ್ಟು ಕಸರನ್ನೂ ಬೆರೆಸುತ್ತಿತ್ತು. ವಾಲ್ವು ಸದ್ದನ್ನು ದೊಡ್ಡದು ಮಾಡುತ್ತದೆ, ಆದರೆ ಇದ್ದ ಹಾಗೆ ಮಾಡುವುದಿಲ್ಲ. ತುಸು ಸೊಟ್ಟ ಮಾಡುತ್ತದೆ. ಒಂದು ಕಡೆಯ ಸೊಟ್ಟ ಗೊತ್ತಾಗದು. ಸಾಲಾಗಿ ಹತ್ತಾರು ಆಂಪ್ಲಿಫೈಯರು ದಾಟಿದ ಮೇಲೆ ಮಾತು ಮಾತಾಗಿ ಉಳಿಯದು.

ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರ್ 1921ರಲ್ಲಿ ಕೆಲಸಕ್ಕೆ ಸೇರಿ ಈ ಸಮಸ್ಯೆಯನ್ನೇ ಹಿಡಿದು ಕೂತ. ಎಲ್ಲರೂ ಹೆಚ್ಚು ಒಳ್ಳೆಯ ವಾಲ್ವು ಮಾಡುವ ದಾರಿ ಹುಡುಕುತ್ತಿದ್ದರು. 1927ರ ಆಗಸ್ಟ್ 2ರ ಬೆಳಗ್ಗೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕಚೇರಿಗೆ ಹೋಗುತ್ತಿದ್ದಾಗ ಬ್ಲ್ಯಾಕ್‌ಗೆ ಹೊಳೆದದ್ದು ಬೇರೆ. ವಾಲ್ವು ಸೊಟ್ಟವಾಗಿಯೇ ಇರಲಿ. ಹೊರಬಂದದ್ದರ ಒಂದು ಪಾಲನ್ನು ತಿರುಗಿಸಿ ತಂದು, ಒಳಬಂದದ್ದರಿಂದ ಕಳೆದರೆ, ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನು ಆಂಪ್ಲಿಫೈಯರು ತಾನೇ ತಿದ್ದಿಕೊಳ್ಳುತ್ತದೆ. ಕೈಯಲ್ಲಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಪುಟದ ಮೇಲೆಯೇ ಚಿತ್ರ, ಸಮೀಕರಣ ಬರೆದ. ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಪ್ರಯೋಗಾಲಯದಲ್ಲಿ ಅದು ಕೆಲಸ ಮಾಡಿತ್ತು. ಆದರೂ 1928ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿ ಮಂಜೂರಾಗಿದ್ದು 1937ರ ಡಿಸೆಂಬರಿನಲ್ಲಿ. ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಬೇಕೆಂದೇ ಬಿಟ್ಟುಕೊಡುವುದು ಯಾವ ಬುದ್ಧಿವಂತಿಕೆ ಎಂಬುದು ಅಂದಿನವರಿಗೆ ಬಿಡಿಸಲಾಗದ ಒಗಟಾಗಿತ್ತು.

ಲೆಕ್ಕ ಸರಳ. ಒಂದು ಆಂಪ್ಲಿಫೈಯರು ಸದ್ದನ್ನು 1000 ಪಟ್ಟು ಹೆಚ್ಚಿಸುತ್ತದೆ ಎಂದುಕೊಳ್ಳಿ. ಹೊರಬಂದದ್ದರಲ್ಲಿ 50ರಲ್ಲಿ ಒಂದು ಪಾಲನ್ನು ವಾಪಸ್ ಕೊಟ್ಟು ಕಳೆಯೋಣ. 1000ವನ್ನು 21ರಿಂದ ಭಾಗಿಸಬೇಕು. ಉಳಿಯುವ ವರ್ಧನೆ ಸುಮಾರು 47.6. ದೊಡ್ಡ ನಷ್ಟ, ನಿಜ. ಈಗ ವಾಲ್ವು ಹಳೆಯದಾಗಿ, ಕರೆಂಟು ಸೊರಗಿ, 1000 ಇದ್ದದ್ದು 500ಕ್ಕೆ ಇಳಿಯಿತು ಎನ್ನೋಣ. ವಾಪಸ್ ವೈರು ಇಲ್ಲದಿದ್ದರೆ ದನಿ ಅರ್ಧಕ್ಕರ್ಧ ಬಿದ್ದಿರುತ್ತಿತ್ತು. ವೈರು ಇದ್ದರೆ 500ವನ್ನು 11ರಿಂದ ಭಾಗಿಸಿ 45.5. ಅರ್ಧ ಶಕ್ತಿ ಹೋದರೂ ಹೊರಗೆ ಕಾಣುವ ಇಳಿಕೆ ನೂರಕ್ಕೆ ಐದಕ್ಕಿಂತ ಕಡಿಮೆ. ಸೊಟ್ಟವೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ ತಗ್ಗುತ್ತದೆ.

ಈ ವಿದ್ಯೆ ಟೆಲಿಫೋನಿನಿಂದ ಸಂಗೀತದ ಮನೆಗೂ ಬಂತು. 1947ರ ಏಪ್ರಿಲ್, ಮೇ ತಿಂಗಳ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್‌ಸನ್ ಪ್ರಕಟಿಸಿದ 15 ವ್ಯಾಟಿನ ಆಂಪ್ಲಿಫೈಯರಿನ ನಕ್ಷೆ ಜಗತ್ತಿನಾದ್ಯಂತ ಹವ್ಯಾಸಿಗಳ ಕೈಪಿಡಿಯಾಯಿತು. ಅದರ ಜೀವಾಳ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಒಳಗೊಂಡು ಸುತ್ತುವರಿದ ವಾಪಸ್ ವೈರು. ನಮ್ಮಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ವಾಲ್ವುಗಳ ತಯಾರಿಕೆಗೆ ಕೈಹಾಕಿತು. ಮರುವರ್ಷವೇ ಅದೇ ಕಾರ್ಖಾನೆಯಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಯುಗವೂ ಶುರುವಾಯಿತು. ಅಂದರೆ ವಾಲ್ವು ನಮ್ಮ ನಾಡಿನದಾಗುವ ಹೊತ್ತಿಗೆ ಅದರ ಉತ್ತರಾಧಿಕಾರಿಯೂ ಬಾಗಿಲಲ್ಲಿ ನಿಂತಿತ್ತು. ಆದರೂ ಸಣ್ಣ ಊರುಗಳಲ್ಲಿ ವಾಲ್ವ್ ಸೆಟ್ಟುಗಳು ಬೇಗ ಬಿಟ್ಟುಹೋಗಲಿಲ್ಲ. ಕೊಂಡದ್ದನ್ನು ರಿಪೇರಿ ಮಾಡಿ ಮಾಡಿ ಬಳಸುವುದು ನಮ್ಮ ಕಡೆಯ ರೂಢಿ.

ಸಿಂಧನೂರಿನ ಆ ಹಿರಿಯರ ಹತ್ತಿರ ಅಂಥ ಒಂದು ಸೆಟ್ಟು ಉಳಿದಿದೆ. ಅದನ್ನು ಬೋರಲು ಹಾಕಿ ತೋರಿಸಿದರು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ಹಿಂದಿನ ವಾಲ್ವಿನ ಕಡೆಗೆ ಹೋಗಬೇಕಾದ ಸಣ್ಣ ವೈರು ನಡುವೆಯೇ ತುಂಡಾಗಿತ್ತು. ತಾನಾಗಿ ಹರಿದದ್ದಲ್ಲ, ಕತ್ತರಿಯಿಂದ ಕತ್ತರಿಸಿದ್ದು.

"ಕಾಕಾ, ಇದನ್ನ ಯಾಕ ಕತ್ತರಿಸ್ಯಾರ?" ಅಂದೆ.

"ನಾನ ಕತ್ತರಿಸೀನಪ. ಬಾಡಿಗಿ ಒಯ್ಯೋರು ಸೌಂಡ್ ಸಾಲವಲ್ದು, ಬಾಜೂ ಊರಿಗೆ ಕೇಳಬೇಕು ಅಂತಿದ್ರು. ಇದನ್ನ ಕತ್ತರಿಸಿದ್ರ ಭಾಳ ಒದರ್ತಿತ್ತು. ಒದರೂದು ಬ್ಯಾರೆ, ಮಾತಾಡೂದು ಬ್ಯಾರೆ. ಅದು ಅವರಿಗೆ ಬೇಕಾಗಿದ್ದಿಲ್ಲ."

ಅವರು ಹೇಳಿದ್ದು ಲೆಕ್ಕಕ್ಕೂ ಒಪ್ಪುತ್ತದೆ. ವಾಪಸ್ ವೈರು ಕತ್ತರಿಸಿದರೆ ಮೇಲಿನ ಉದಾಹರಣೆಯ 47.6 ಮತ್ತೆ 1000 ಆಗುತ್ತದೆ. ಸೆಟ್ಟಿನ ಗರಿಷ್ಠ ಶಕ್ತಿ ಮಾತ್ರ ಒಂದು ವ್ಯಾಟೂ ಹೆಚ್ಚುವುದಿಲ್ಲ. ಸಣ್ಣ ದನಿಗೇ ಅದು ತನ್ನ ಮಿತಿ ಮುಟ್ಟಿ ಒಡೆದು ಕೂಗತೊಡಗುತ್ತದೆ. ಪಿಸುಮಾತೂ ಅಬ್ಬರವೂ ಒಂದೇ ಆಗುತ್ತದೆ. ನಾಟಕದಲ್ಲಿ ತಾಯಿ ಪಾತ್ರಧಾರಿಣಿ ದನಿ ತಗ್ಗಿಸಿ ಅಳುವ ದೃಶ್ಯ ಹಾರ್ನಿನಲ್ಲಿ ಜಗಳದ ಹಾಗೆ ಕೇಳಿಸಿದ್ದರೆ ಅದರ ಕಾರಣ ಅಭಿನಯದಲ್ಲಿ ಇರಲಿಲ್ಲ, ಆ ತುಂಡು ವೈರಿನಲ್ಲಿತ್ತು. ಕಂಪನಿ ನಾಟಕದ ಅಭಿನಯ 'ಅತಿಯಾದದ್ದು' ಎಂದು ಬರೆಯುವ ವಿಮರ್ಶಕರು ಪೆಟ್ಟಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ನನಗೆ ಅನ್ನಿಸುವುದು ಇಲ್ಲಿಯೇ.

ಅದೇ ಸೆಟ್ಟಿನಲ್ಲಿ ಇನ್ನೊಂದು ಗಾಯವೂ ಇತ್ತು. ಹಿಂಬದಿಯ ತಗಡಿಗೆ ಎರಡು ತೂತು ಕೊರೆದು ಸಾಕೆಟ್ ಕೂರಿಸಲಾಗಿತ್ತು. ರಸಮಂಜರಿ ಕಾರ್ಯಕ್ರಮಗಳು ಬಂದ ಮೇಲೆ ಹಾಡುಗಾರರು ಎಕೋ ಕೇಳತೊಡಗಿದರಂತೆ. ಎಕೋ ಮಷೀನನ್ನು ಮೈಕಿಗೂ ಸೆಟ್ಟಿಗೂ ನಡುವೆ ಹಾಕಿದರೆ ಗೊರಗೊರ ಸದ್ದು ಹೆಚ್ಚು. ಆದ್ದರಿಂದ ಸೆಟ್ಟಿನ ಮೊದಲ ಹಂತವನ್ನೂ ಕೊನೆಯ ಹಂತವನ್ನೂ ಬೇರ್ಪಡಿಸಿ, ನಡುವಿನಿಂದ ದನಿಯನ್ನು ಹೊರಗೆ ಕಳಿಸಿ, ಎಕೋ ಬೆರೆಸಿಕೊಂಡು ಮತ್ತೆ ಒಳಗೆ ತರುವ ದಾರಿ ಮಾಡಿದ್ದಾರೆ. 1970ರ ದಶಕದ ಕೊನೆಯಿಂದೀಚೆಗೆ ವಿದೇಶದ ಗಿಟಾರ್ ಆಂಪ್ಲಿಫೈಯರುಗಳಲ್ಲಿ 'ಎಫೆಕ್ಟ್ಸ್ ಲೂಪ್' ಎಂಬ ಹೆಸರಿನಲ್ಲಿ ಮಾಮೂಲಾದದ್ದು ಇದೇ ಏರ್ಪಾಡು. ಒಂದು ಸಾಕೆಟ್ ಸೆಂಡ್, ಇನ್ನೊಂದು ರಿಟರ್ನ್.

ಈ ದಾರಿಯಲ್ಲಿ ಎರಡು ಕಡೆ ನೆಗೆಟಿವ್ ಫೀಡ್‌ಬ್ಯಾಕಿನ ಕೈವಾಡವಿದೆ. ಮೊದಲನೆಯದು ಹೊರಗೆ ಕಳಿಸುವ ಬಾಗಿಲಲ್ಲಿ. ಇಸಿಸಿ83ರಂಥ ಸಣ್ಣ ವಾಲ್ವಿನ ಪ್ಲೇಟಿನಿಂದ ನೇರವಾಗಿ ದನಿ ತೆಗೆದರೆ ಅದರ ಹಿಂದಿನ ತಡೆ ಸುಮಾರು 38,000 ಓಮ್. ಹತ್ತು ಮೀಟರ್ ಕೇಬಲ್ ಜೋಡಿಸಿದರೆ ಆ ಕೇಬಲಿನ ಧಾರಕ ಗುಣವೇ ಸುಮಾರು 4,000 ಹರ್ಟ್ಸ್‌ನಿಂದ ಮೇಲಿನ ಸದ್ದನ್ನು ನುಂಗತೊಡಗುತ್ತದೆ. 'ಸ', 'ಶ' ಮೊಂಡಾಗುತ್ತವೆ. ಅದೇ ವಾಲ್ವಿನ ಕೆಥೋಡಿನಿಂದ ದನಿ ತೆಗೆದರೆ ಹೊರಬರುವುದೆಲ್ಲವೂ ಒಳಬರುವುದಕ್ಕೆ ಎದುರಾಗಿ ನಿಲ್ಲುತ್ತದೆ. ಇದು ನೂರಕ್ಕೆ ನೂರು ವಾಪಸ್. ವರ್ಧನೆ ಒಂದಕ್ಕಿಂತ ತುಸು ಕಡಿಮೆ, ಅಂದರೆ ವಾಲ್ವು ಏನನ್ನೂ ದೊಡ್ಡದು ಮಾಡುವುದಿಲ್ಲ. ಆದರೆ ಹಿಂದಿನ ತಡೆ ಸುಮಾರು 600 ಓಮಿಗೆ ಇಳಿಯುತ್ತದೆ. ಕೇಬಲು ಎಷ್ಟೇ ಎಳೆದರೂ ದನಿ ಮೊಂಡಾಗದು. ಕೆಥೋಡ್ ಫಾಲೋವರ್ ಎಂದು ಇದರ ಹೆಸರು.

ಎರಡನೆಯದು ಇದಕ್ಕಿಂತ ಮುಖ್ಯ. ಎಕೋದ ಸುತ್ತು ಎಂದಿಗೂ ದೊಡ್ಡ ವಾಪಸ್ ವೈರಿನ ಒಳಗೆ ಬರಕೂಡದು. ಯಾಕೆಂದರೆ ಎಕೋ ಅಂದರೆ ತಡ. ತಿದ್ದುಪಡಿ ಸರಿಯಾಗಬೇಕಾದರೆ ಅದು ತಪ್ಪು ನಡೆದ ಕ್ಷಣದಲ್ಲೇ ಹಿಂದಕ್ಕೆ ಮುಟ್ಟಬೇಕು. ಸದ್ದಿನ ಅಲೆ ಮೇಲೆ ಹೋಗುವಾಗ 'ಇಳಿ' ಎಂದು ಹೇಳಬೇಕಾದ ಮಾತು ಅರ್ಧ ಅಲೆಯಷ್ಟು ತಡವಾಗಿ ಬಂದರೆ, ಅಷ್ಟರಲ್ಲಿ ಅಲೆ ಇಳಿಯುತ್ತಿರುತ್ತದೆ. 'ಇಳಿ' ಎಂಬ ಮಾತು ಅದನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ನೆಗೆಟಿವ್ ಇದ್ದದ್ದು ಪಾಸಿಟಿವ್ ಆಗುತ್ತದೆ, ಸೆಟ್ಟು ತಾನೇ ತಾನಾಗಿ ಕೂಗುತ್ತದೆ. ಬ್ಲ್ಯಾಕ್‌ನ ಸಹೋದ್ಯೋಗಿ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದೇ: ಫೀಡ್‌ಬ್ಯಾಕ್ ತಿದ್ದುತ್ತದೋ ಕೆಡಿಸುತ್ತದೋ ಎಂಬುದು ಅದು ಎಷ್ಟು ಬಲವಾಗಿ, ಎಷ್ಟು ತಡವಾಗಿ ತಿರುಗಿ ಬರುತ್ತದೆ ಎಂಬುದರ ಮೇಲೆ ನಿಂತಿದೆ.

ಸಿಂಧನೂರಿನ ಹಿರಿಯರು ನೈಕ್ವಿಸ್ಟ್ ಹೆಸರು ಕೇಳಿದವರಲ್ಲ. ಆದರೆ ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತಿ ಹಾಕಿದ ಮೇಲೆ ಸೆಟ್ಟು ಚಾಲೂ ಮಾಡಿದ ಕೂಡಲೇ ಕೂಗಿದರೆ ಪ್ಲೇಟಿನ ಎರಡು ವೈರುಗಳನ್ನು ಅದಲುಬದಲು ಮಾಡಬೇಕು ಎಂಬುದು ಅವರಿಗೆ ಗೊತ್ತು. ಸಾಕೆಟ್ಟನ್ನು ಎಲ್ಲಿ ಕೂರಿಸಿದರೆ ಎಕೋ ಬರುತ್ತದೆ, ಎಲ್ಲಿ ಕೂರಿಸಿದರೆ ಸೆಟ್ಟು ಹುಚ್ಚಾಗುತ್ತದೆ ಎಂಬುದೂ ಗೊತ್ತು. ಇದು ಪುಸ್ತಕದಿಂದ ಬಂದ ತಿಳಿವಳಿಕೆ ಅಲ್ಲದಿರಬಹುದು, ತಿಳಿವಳಿಕೆಯಂತೂ ಹೌದು.

ಇಲ್ಲಿಂದ ಮಸ್ಕಿಗೆ ಹೋಗೋಣ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡ. ಚಿನ್ನ ಹುಡುಕುವವನಿಗೆ ಸಿಕ್ಕಿದ್ದು ಅಕ್ಷರ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ ಎಂಬುದನ್ನು ನೆನೆದರೆ ಗಣಿಯವನು ಇಲ್ಲಿ ಅಲೆದದ್ದು ಅಚ್ಚರಿಯಲ್ಲ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನ ಮೊದಲು ಸಿಕ್ಕಿದ್ದು ಇಲ್ಲಿ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು.

ಈ ಕಿರು ಬಂಡೆ ಶಾಸನಗಳ ಪಾಠವನ್ನು ಸದ್ದಿನ ಚರಿತ್ರೆಯ ವಿದ್ಯಾರ್ಥಿಯಾಗಿ ಓದಿದರೆ ಅದೂ ಒಂದು ಟೆಲಿಫೋನ್ ಸಾಲಿನ ಹಾಗೆ ಕಾಣುತ್ತದೆ. ಬ್ರಹ್ಮಗಿರಿಯ ಪಾಠ ತನ್ನನ್ನು 'ಸಾವಣ' ಎಂದು ಕರೆದುಕೊಳ್ಳುತ್ತದೆ, ಅಂದರೆ ಕೇಳಿಸುವಂಥದ್ದು. ಆಜ್ಞೆ ಅರಸನಿಂದ ಸುವರ್ಣಗಿರಿಯ ಆರ್ಯಪುತ್ರನಿಗೆ, ಅಲ್ಲಿಂದ ಇಸಿಲದ ಮಹಾಮಾತ್ರರಿಗೆ, ಕೊನೆಗೆ ಚಪಡನೆಂಬ ಲಿಪಿಕಾರನ ಉಳಿಗೆ ಬರುತ್ತದೆ. ಪ್ರತಿ ಹಂತದಲ್ಲೂ ಒಂದಿಷ್ಟು ಬದಲಾಗುತ್ತದೆ. ಮಸ್ಕಿ, ಗವಿಮಠ, ಬ್ರಹ್ಮಗಿರಿ, ನಿಟ್ಟೂರುಗಳ ಪಾಠಗಳು ಅಕ್ಷರಶಃ ಒಂದೇ ಅಲ್ಲ. ಇದು ಆಳುವವರಿಗೂ ಗೊತ್ತಿತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿರುವ ಹದಿನಾಲ್ಕನೆಯ ಬಂಡೆ ಶಾಸನ, ಬರಹ ಎಲ್ಲಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದು ಎಂದು ಒಪ್ಪಿಕೊಳ್ಳುತ್ತದೆ. ಆರನೆಯ ಶಾಸನದಲ್ಲಂತೂ, ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಪ್ರತಿವೇದಕರು ಜನರ ಸಂಗತಿಗಳನ್ನು ಯಾವ ಹೊತ್ತಿನಲ್ಲಾದರೂ ತಂದು ಹೇಳಬೇಕು ಎಂದು ಅರಸ ಬಯಸುತ್ತಾನೆ. ಕಳಿಸುವ ಸಾಲಿಗೆ ತಿರುಗಿ ಬರುವ ಸಾಲೂ ಬೇಕು, ಅದು ತಡವಾಗಬಾರದು ಎಂಬ ಅರಿವು ಅಲ್ಲಿದೆ. ಅಶೋಕನಿಗೆ ಎಲೆಕ್ಟ್ರಾನಿಕ್ಸ್ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅಂಥ ಸಂಶೋಧನೆಗಳಿಗೆ ನಮ್ಮಲ್ಲಿ ಬರವಿಲ್ಲ. ದೂರಕ್ಕೆ ಮಾತು ಕಳಿಸುವ ಯಾರಿಗಾದರೂ ಎದುರಾಗುವ ತೊಡಕು ಒಂದೇ ಎನ್ನುತ್ತಿದ್ದೇನೆ, ಅಷ್ಟೆ.

ಆ ತೊಡಕು ಸಿಂಧನೂರಿನ ರೈತರಿಗೆ ಹೊಸದೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಉದ್ದ. ಮೇಲಿನವರು ಹೆಚ್ಚು ನೀರು ಎಳೆದುಕೊಂಡದ್ದು ಕೊನೆ ಭಾಗದ ಗದ್ದೆಯಲ್ಲಿ ಕಾಣಿಸುವುದು ದಿನಗಳ ನಂತರ. ಅಲ್ಲಿಂದ ದೂರು ಹೊರಟು, ಗೇಜ್ ನೋಡಿ, ತೂಬು ತಿರುವಿ, ನೀರು ಮತ್ತೆ ಕೆಳಗೆ ಮುಟ್ಟುವ ಹೊತ್ತಿಗೆ ಬೆಳೆ ಒಣಗಿರುತ್ತದೆ, ಇಲ್ಲವೇ ಅಷ್ಟರಲ್ಲಿ ಮಳೆ ಬಿದ್ದು ಅದೇ ನೀರು ಹೆಚ್ಚಾಗುತ್ತದೆ. ದೂರು ಸರಿಯಾಗಿಯೇ ಇತ್ತು, ತಿದ್ದುಪಡಿಯೂ ಸರಿಯಾಗಿಯೇ ಇತ್ತು. ತಡವಾದದ್ದೇ ಅದನ್ನು ತಪ್ಪು ಮಾಡಿತು.

ಚರಿತ್ರೆ ಬರೆಯುವವರ ಕೆಲಸವೂ ಈ ನಿಯಮಕ್ಕೆ ಹೊರತಲ್ಲ. ವಾಲ್ವ್ ಸೆಟ್ಟುಗಳ ಬಗ್ಗೆ ಈಗ ಕೇಳಿಬರುತ್ತಿರುವುದು ಬಹುಪಾಲು ಮೋಹದ ಮಾತು. ಗಿಟಾರ್ ನುಡಿಸುವ ನಗರದ ಗೆಳೆಯರು ವಾಲ್ವಿನ 'ಬೆಚ್ಚನೆಯ ದನಿ'ಯನ್ನು ಹೊಗಳುತ್ತಾರೆ. ಅವರ ಪ್ರೀತಿಯ ಯಂತ್ರಗಳಲ್ಲಿ ವಾಕ್ಸ್ ಎಸಿ30ಯಂಥವು ದೊಡ್ಡ ವಾಪಸ್ ವೈರು ಇಲ್ಲದೆಯೇ ಹೆಸರು ಮಾಡಿದವು. ಫೆಂಡರ್ ಬಾಸ್‌ಮನ್, ಅದನ್ನು ಅನುಸರಿಸಿ 1962ರಲ್ಲಿ ಬಂದ ಮಾರ್ಷಲ್‌ನ ಮೊದಲ ಆಂಪ್ಲಿಫೈಯರು ಅದನ್ನು ಇಟ್ಟುಕೊಂಡು ಹೆಸರು ಮಾಡಿದವು. ಗಿಟಾರಿನವರಿಗೆ ಸೊಟ್ಟ ದನಿ ಒಂದು ಆಯ್ಕೆ. ಮಾತನ್ನೇ ನಂಬಿದ ನಾಟಕಕ್ಕೆ ಅದು ಆಯ್ಕೆಯಾಗಿರಲಿಲ್ಲ, ಬಾಡಿಗೆಯ ಒತ್ತಡವಾಗಿತ್ತು. ಎರಡನ್ನೂ ಒಂದೇ ಹಳೆಯ ಸೊಗಸಿನ ಹೆಸರಿನಲ್ಲಿ ಕೊಂಡಾಡಿದರೆ ತಡವಾಗಿ ಬಂದ ಚರಿತ್ರೆ ತಪ್ಪನ್ನೇ ದೊಡ್ಡದು ಮಾಡಿದಂತಾಗುತ್ತದೆ.

ದಾಖಲೆ ಎಲ್ಲಿದೆ ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ ಇದು: ಸೆಟ್ಟೇ ದಾಖಲೆ. ಕತ್ತರಿಸಿದ ವೈರು ಊರು ಯಾವ ದನಿ ಬಯಸಿತ್ತು ಎಂದು ಹೇಳುತ್ತದೆ. ಅದಲುಬದಲಾದ ತಂತಿಗಳು ಟ್ರಾನ್ಸ್‌ಫಾರ್ಮರ್ ಯಾವಾಗಲೋ ಸುಟ್ಟಿತ್ತು ಎಂದೂ, ಊರಲ್ಲೇ ಅದನ್ನು ಸುತ್ತಬಲ್ಲ ಕೈ ಇತ್ತು ಎಂದೂ ಹೇಳುತ್ತವೆ. ಹೊಸದಾಗಿ ಕೊರೆದ ತೂತು ರಸಮಂಜರಿ ಬಂದ ಕಾಲವನ್ನು ತೋರಿಸುತ್ತದೆ. ಮಸ್ಕಿಯ ಬಂಡೆಯನ್ನು ಓದಿದ ಹಾಗೆ ಇದನ್ನೂ ಓದಬಹುದು. ಆದರೆ ಬಂಡೆ ಕಾಯುತ್ತದೆ, ಸೆಟ್ಟು ಕಾಯುವುದಿಲ್ಲ. ಟ್ರಾನ್ಸ್‌ಫಾರ್ಮರಿನಲ್ಲಿ ತಾಮ್ರವಿದೆ, ಗುಜರಿಯವರು ತೂಕಕ್ಕೆ ಒಯ್ಯುತ್ತಾರೆ. ಅದನ್ನು ಓದಲು ಕಲಿಸಬಲ್ಲವರಿಗೂ ವಯಸ್ಸಾಗಿದೆ.

ನಿಮ್ಮ ಊರಿನ ಗುಡಿಯ ಅಟ್ಟದಲ್ಲೋ, ಹಳೆಯ ಮೈಕ್ ಸೆಟ್ಟಿನವರ ಮನೆಯಲ್ಲೋ ಅಂಥದ್ದೊಂದು ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕುವ ಮೊದಲು ಬಲ್ಲವರಿಂದ ಬಿಚ್ಚಿಸಿ ನೋಡಿ. ನೀವೇ ಕೈ ಹಾಕಬೇಡಿ. ಕರೆಂಟು ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಬೋರಲು ಹಾಕಿ ಒಂದು ಫೋಟೋ ತೆಗೆಯಿರಿ. ಅದನ್ನು ನಡೆಸಿದವರು ಇನ್ನೂ ಇದ್ದರೆ, ವಾಪಸ್ ವೈರು ಇದೆಯೋ ಕತ್ತರಿಸಿದೆಯೋ, ಕತ್ತರಿಸಿದ್ದರೆ ಯಾರು ಕೇಳಿದರು ಎಂದು ವಿಚಾರಿಸಿ, ಅವರು ಹೇಳಿದ ಮಾತಿನಲ್ಲೇ ಬರೆದಿಡಿ.